ಅತ್ತೆಯ ಹದಿನೈದು ನಿಮಿಷ, ಮಗಳ ಹದಿನೈದು ನಿಮಿಷ: ಜಯನಗರದ ಒಂದು ಮನೆಯ ಪ್ರಕರಣ

ಹೋದ ವರ್ಷ ದಸರಾ ಕಳೆದ ಮೇಲೆ ಅತ್ತೆ ಪಾರ್ಕಿಗೆ ಹೋಗುವುದನ್ನು ಬಿಟ್ಟರು. ಬಿಟ್ಟೆ ಅಂತ ಬಾಯಿಬಿಟ್ಟು ಹೇಳಲಿಲ್ಲ. ಒಂದು ದಿನ ಮಂಡಿ ನೋವು, ಒಂದು ದಿನ ಮೋಡ, ಇನ್ನೊಂದು ದಿನ ಧಾರಾವಾಹಿ. ಮೂರು ವಾರ ಆದಮೇಲೆ ನನಗೆ ಹೊಳೆಯಿತು, ಇವರು ಗೇಟೇ ದಾಟಿಲ್ಲ ಅಂತ.

ನಾವಿರುವುದು ಬೆಂಗಳೂರಿನ ಜಯನಗರದ ಒಂದು ಬ್ಲಾಕಿನಲ್ಲಿ. ಈ ಊರಲ್ಲಿ ನಡೆದುಕೊಂಡೇ ಬದುಕು ಸಾಗಿಸಬಹುದಾದ ಬಡಾವಣೆ ಯಾವುದು ಅಂತ ಕೇಳಿದರೆ ಜನ ಬಸವನಗುಡಿ, ಮಲ್ಲೇಶ್ವರ, ಜಯನಗರ ಅನ್ನುತ್ತಾರೆ. ನಮ್ಮ ಮನೆಯಿಂದ ಪಾರ್ಕು 350 ಮೀಟರ್. ನಂದಿನಿ ಬೂತು, ಮೆಡಿಕಲ್ ಶಾಪು, ಬ್ಯಾಂಕು, ದೇವಸ್ಥಾನ ಎಲ್ಲ ಒಂದು ಕಿಲೋಮೀಟರಿನೊಳಗೆ. ಇಷ್ಟಿದ್ದೂ 76 ವರ್ಷದ ಹೆಂಗಸು ಮನೆಯಲ್ಲೇ ಕೂತುಬಿಟ್ಟರೆ ಎಲ್ಲೋ ಏನೋ ತಪ್ಪಿದೆ, ಅಲ್ವಾ?

ನಾನು ಟೌನ್ ಪ್ಲಾನರ್ ಅಲ್ಲ. ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ನಕ್ಷೆ ಬರೆಯುವ ಚಟ ಇದೆ. ಅತ್ತೆಯ ಮಂಡಿಗಿಂತ ರಸ್ತೆಯ ಮೇಲೆ ನನಗೆ ಜಾಸ್ತಿ ಅನುಮಾನ ಬಂತು. ಹಾಗೆ ಶುರುವಾದ ಕೆಲಸ ಇದು.

ಬಡಾವಣೆಗೂ ವಯಸ್ಸಾಗುತ್ತದೆ

ಜಯನಗರ ತಾನಾಗಿ ಬೆಳೆದ ಊರಲ್ಲ. 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಮುಂದೆ 1976ರಲ್ಲಿ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಆದದ್ದು ಅದೇ. 1948ರಲ್ಲಿ ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿ ಅವರ ಕೈಯಿಂದ ಜಯನಗರಕ್ಕೆ ಅಡಿಗಲ್ಲು ಬಿತ್ತು. ಅದರ ಗುರುತಿಗೆ ಅಶೋಕ ಪಿಲ್ಲರ್ ಇವತ್ತಿಗೂ ನಿಂತಿದೆ. ಬ್ಲಾಕು, ಮೇನು, ಕ್ರಾಸು ಅಂತ ಗೆರೆ ಎಳೆದು, ನಡುನಡುವೆ ಪಾರ್ಕು, ಶಾಲೆಗೆ ಜಾಗ, ಅಂಗಡಿಗೆ ಜಾಗ ಬಿಟ್ಟರು. ನಾಲ್ಕನೇ ಬ್ಲಾಕಿನಲ್ಲಿ ಬಸ್ ಸ್ಟ್ಯಾಂಡು ಮತ್ತು ದೊಡ್ಡ ಕಾಂಪ್ಲೆಕ್ಸು ಬಂತು.

ಇಂಥ ಯೋಚನೆ ಆ ಕಾಲಕ್ಕೆ ಹೊಸದೇನಲ್ಲ. ಅಮೆರಿಕದ ಕ್ಲಾರೆನ್ಸ್ ಪೆರ್ರಿ 1929ರಲ್ಲೇ ಒಂದು ಲೆಕ್ಕ ಹಾಕಿಕೊಟ್ಟಿದ್ದ. ನಡುವೆ ಶಾಲೆ, ಸುತ್ತ ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್. ಮಗು ದೊಡ್ಡ ರಸ್ತೆ ದಾಟದೆ ಶಾಲೆ ಸೇರಬೇಕು. ಜಯನಗರ ಅದರ ನಕಲು ಅಂತ ನಾನು ಹೇಳುತ್ತಿಲ್ಲ. ಆದರೆ ದಿನದ ಕೆಲಸ ಬ್ಲಾಕಿನೊಳಗೇ ಮುಗಿಯಲಿ ಅನ್ನುವ ಆಸೆ ಎರಡಕ್ಕೂ ಒಂದೇ.

ಆಗ ಸೈಟು ಕೊಂಡು ಮನೆ ಕಟ್ಟಿದವರಲ್ಲಿ ಬಹಳ ಜನ ಸಂಬಳದವರು. ಮೂವತ್ತು ನಲವತ್ತರ ವಯಸ್ಸು, ಚಿಕ್ಕ ಮಕ್ಕಳು. ಬಡಾವಣೆಯೂ ಚಿಕ್ಕದು, ಜನವೂ ಗಟ್ಟಿ. ಈಗ ಅವರ ಮಕ್ಕಳಲ್ಲಿ ಎಷ್ಟೋ ಜನ ಅಮೆರಿಕದಲ್ಲಿ, ಇಲ್ಲವೇ ವೈಟ್‌ಫೀಲ್ಡಿನಲ್ಲಿ. ಇಲ್ಲಿ ಉಳಿದವರಿಗೆ ಎಪ್ಪತ್ತು ದಾಟಿದೆ. ಒಂದು ಮನೆ ಇದ್ದ ಕಡೆ ನಾಲ್ಕು ಮಹಡಿ ಎದ್ದಿದೆ. ಪಾರ್ಕು ಅಲ್ಲೇ ಇದೆ, ಬೂತು ಅಲ್ಲೇ ಇದೆ. ಮನೆಗೂ ಪಾರ್ಕಿಗೂ ನಡುವೆ ಇರುವುದು ಮಾತ್ರ ಬೇರೆ ಆಗಿಹೋಗಿದೆ.

ನಾಲ್ಕು ಹಾಳೆ

ಒಂದು ಭಾನುವಾರ ಊಟದ ಮೇಜಿನ ಮೇಲೆ ನಾಲ್ಕು ಹಾಳೆ ಹಾಕಿದೆ. ಅತ್ತೆಗೆ ಒಂದು, ಎಂಟು ವರ್ಷದ ಮಗಳಿಗೆ ಒಂದು, ಹದಿನೈದರ ಮಗನಿಗೆ ಒಂದು, ನನಗೊಂದು. ನನ್ನ ಗಂಡ ಬೆಳಿಗ್ಗೆ ಮೆಟ್ರೋ ಹತ್ತಿ ರಾತ್ರಿ ಇಳಿಯುವವರು. ಅವರ ಹಾಳೆಯಲ್ಲಿ ಒಂದೇ ಗೆರೆ ಇರುತ್ತಿತ್ತು, ಆದ್ದರಿಂದ ಬಿಟ್ಟೆವು.

ದೂರ ಎಷ್ಟು ಅಂತ ಯಾರನ್ನೂ ಕೇಳಲಿಲ್ಲ. ಕೇಳಿದ್ದು ಮೂರೇ. ನಿನಗೆ ಯಾವ ಯಾವ ಜಾಗ ಬೇಕು? ಒಬ್ಬರೇ ಎಲ್ಲಿಗೆ ಹೋಗಬಲ್ಲೆ? ಎಲ್ಲಿ ನಿಂತುಬಿಡುತ್ತೀಯ? ಆಮೇಲೆ ಎರಡು ವಾರ ಒಬ್ಬೊಬ್ಬರ ಹಿಂದೆ ನೋಟ್‌ಬುಕ್ಕು ಹಿಡಿದು ನಡೆದೆ. ಅವರಾಗಿ ಕೇಳುವವರೆಗೆ ಕೈ ಕೊಡಬಾರದು ಅಂತ ನಾನೇ ಹಾಕಿಕೊಂಡ ನಿಯಮ. ಅತ್ತೆಯ ಹಿಂದೆ ಹಾಗೆ ನಡೆಯುವುದು ಸುಲಭವಲ್ಲ. ಬೀದಿಯವರು ನನ್ನನ್ನು ಎಂಥ ಸೊಸೆ ಅಂದುಕೊಂಡರೋ.

ಅತ್ತೆಯ ಹಾಳೆಯಲ್ಲಿ ಒಂಬತ್ತು ಜಾಗ ಬಂತು. ಪಾರ್ಕು, ದೇವಸ್ಥಾನ, ಮೆಡಿಕಲ್ ಶಾಪು, ಬ್ಯಾಂಕು, ರಕ್ತ ಪರೀಕ್ಷೆಯ ಲ್ಯಾಬು, ಒಬ್ಬ ಗೆಳತಿಯ ಮನೆ. ಉಳಿದ ಮೂರು ತಳ್ಳುಗಾಡಿ ಮತ್ತು ಬುಟ್ಟಿ: ಸೊಪ್ಪಿನವರು, ಹೂವಿನವರು, ಇಸ್ತ್ರಿಯವರು. ಈ ಮೂರರ ಮಾತು ಮುಂದೆ ಬರುತ್ತದೆ.

ರಸ್ತೆ ಲೆಕ್ಕ ಹಾಕುವವರಿಗೆ ಒಂದು ಹಳೆಯ ಸಂಖ್ಯೆ ಇದೆ. ನಡೆಯುವವರ ವೇಗ ಸೆಕೆಂಡಿಗೆ 1.2 ಮೀಟರ್. ಅಮೆರಿಕದವರು 2009ರಲ್ಲಿ ಇದನ್ನು ಸುಮಾರು 1.07ಕ್ಕೆ ಇಳಿಸಿದರು, ವಯಸ್ಸಾದವರಿಗೆ ಸಿಗ್ನಲ್ ಸಾಲುತ್ತಿಲ್ಲ ಅಂತ. 1.2ರ ಲೆಕ್ಕದಲ್ಲಿ ನಮ್ಮ ಪಾರ್ಕು ಐದು ನಿಮಿಷದ ದಾರಿಯೂ ಅಲ್ಲ. ಅತ್ತೆಗೆ ಹನ್ನೊಂದು ನಿಮಿಷ ಹಿಡಿಯಿತು. ಅದರಲ್ಲಿ ನಡೆದದ್ದು ಏಳೂಕಾಲು ನಿಮಿಷ. ಉಳಿದದ್ದೆಲ್ಲ ನಿಂತದ್ದು.

ನಿಂತ ಜಾಗಗಳೇ ನನಗೆ ಪಾಠ. ಮೊದಲನೆಯದು ಮೂಲೆ ಮನೆಯ ಮುಂದೆ. ಅಲ್ಲಿ ಫುಟ್‌ಪಾತ್ ಥಟ್ಟನೆ ಮುಗಿದು ಕೆಳಗಿಳಿಯಬೇಕು. ಕಂಬಿ ಇಲ್ಲ, ಹಿಡಿಯಲು ಕಾಂಪೌಂಡಿನ ಗೋಡೆಯೂ ಕೈಗೆಟುಕುವುದಿಲ್ಲ. ಅತ್ತೆ ಒಂದು ಕಾಲು ಇಳಿಸಿ, ಅದನ್ನು ಊರಿ, ನಂಬಿಕೆ ಬಂದಮೇಲೆ ಇನ್ನೊಂದು ಇಳಿಸಿದರು. ಎರಡನೆಯದು ಟ್ರಾನ್ಸ್‌ಫಾರ್ಮರ್ ಪಕ್ಕ. ಚರಂಡಿಯ ಮೇಲಿನ ಚಪ್ಪಡಿ ಒಂದು ಕಡೆ ಕುಸಿದಿದೆ. ಅದನ್ನು ತಪ್ಪಿಸಲು ರಸ್ತೆಗೇ ಇಳಿದರು. ಮೂರನೆಯದು ಮೇನ್ ರೋಡು ದಾಟುವ ಕಡೆ. ಅಲ್ಲಿ ಪೂರ್ತಿ ಎರಡು ನಿಮಿಷ.

ಪಾರ್ಕಿನ ಗೇಟಿನಲ್ಲಿ ಕೇಳಿದೆ, "ಅತ್ತೆ, ಇದಕ್ಕೇನಾ ಬರೋದು ಬಿಟ್ಟಿದ್ದು?"

"ಇದೆಲ್ಲ ಮೊದಲೂ ಇತ್ತಲ್ಲಮ್ಮ," ಅಂದರು. ಸ್ವಲ್ಪ ಹೊತ್ತು ಬಿಟ್ಟು ದನಿ ತಗ್ಗಿಸಿ, "ಅಲ್ಲಿ ಬಚ್ಚಲಿಗೆ ಬೀಗ ಹಾಕಿದಾರೆ ಕಣೆ."

ಬಿ.ಪಿ.ಗೆ ಅವರು ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚು ಬರಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಎರಡು ಮೂರು ಗಂಟೆ ಮನೆ ಬಿಟ್ಟು ಹೋಗುವ ಧೈರ್ಯ ಇಲ್ಲ. ಪಾರ್ಕಿನ ಶೌಚಾಲಯ ತೆರೆದಿದ್ದ ಕಾಲಕ್ಕೆ ಆ ಧೈರ್ಯ ಇತ್ತು. ಮೂರು ವಾರ ಮಂಡಿ, ಮೋಡ, ಧಾರಾವಾಹಿ ಅಂತ ಹೇಳಿದವರು ಇದೊಂದನ್ನು ಹೇಳಿರಲಿಲ್ಲ. ಮಗನ ಮುಂದೆ ಹೇಳುವ ಮಾತಲ್ಲ ಅದು ಅವರಿಗೆ.

ಪಾರ್ಕಿನ ವಿಷಯಕ್ಕೇ ಇನ್ನೊಂದು ಮಾತು. ಬೆಂಗಳೂರಿನ ಪಾರ್ಕುಗಳಿಗೆ ಮಧ್ಯಾಹ್ನ ಬೀಗ ಹಾಕುವ ಪದ್ಧತಿ ವರ್ಷಗಟ್ಟಲೆ ಇತ್ತು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತಾಯಿತು. ಬೀಗದ ಆ ಹೊತ್ತು ಆಫೀಸಿಗೆ ಹೋಗುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಪಾರ್ಕು ಬೇಕಾಗಿದ್ದದ್ದು ಮುದುಕರಿಗೆ, ಬಾಣಂತಿಯರಿಗೆ, ಶಾಲೆ ಬಿಟ್ಟ ಮಕ್ಕಳಿಗೆ. ಗಡಿಯಾರವೂ ಒಂದು ಬೇಲಿಯೇ.

ಮಗಳಿಗೆ ರಸ್ತೆ ಕಾಣುವುದಿಲ್ಲ

ಮಗಳ ನಡಿಗೆಗೆ ವೇಗದ ಲೆಕ್ಕ ಹಿಡಿಸುವುದೇ ಇಲ್ಲ. ಓಡುತ್ತಾಳೆ, ನಿಲ್ಲುತ್ತಾಳೆ, ಹೊಂಗೆ ಕಾಯಿ ಹೆಕ್ಕುತ್ತಾಳೆ, ಹಿಂದಕ್ಕೆ ಬರುತ್ತಾಳೆ. 350 ಮೀಟರಿಗೆ ಅವಳು ಐನೂರು ಮೀಟರ್ ನಡೆದಿರಬೇಕು. ಅವಳ ಹಾಳೆಯಲ್ಲಿ ಪಾರ್ಕಿನ ಜೋಕಾಲಿ, ಇಬ್ಬರು ಗೆಳತಿಯರ ಮನೆ, ಡ್ಯಾನ್ಸ್ ಕ್ಲಾಸು, ಸ್ಟೇಷನರಿ ಅಂಗಡಿ. ಒಬ್ಬಳೇ ಹೋಗಬಲ್ಲ ಜಾಗ ಅನ್ನುವ ಕಡೆ ದೊಡ್ಡ ಸೊನ್ನೆ ಬರೆದು ಅದಕ್ಕೆ ಕಣ್ಣು ಮೂಗು ಇಟ್ಟಿದ್ದಳು.

ಶಾಲೆ ಆ ಹಾಳೆಯಲ್ಲಿ ಇರಲಿಲ್ಲ. ಶಾಲೆಗೆ ಅವಳು ನಡೆಯುವುದಿಲ್ಲ, ವ್ಯಾನು ಬರುತ್ತದೆ. ಇದರಲ್ಲಿ ನಮ್ಮ ಪಾಲೂ ಇದೆ, ಮುಚ್ಚಿಡುವುದೇಕೆ. ಶಿಕ್ಷಣ ಹಕ್ಕಿನ ಮಾದರಿ ನಿಯಮಗಳ ಪ್ರಕಾರ ಚಿಕ್ಕ ಮಕ್ಕಳಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕು. ನಮ್ಮ ಮನೆಯಿಂದ 600 ಮೀಟರಿನಲ್ಲಿ ಶಾಲೆ ಇದೆ. ನಾವು ಮಗಳನ್ನು ಸೇರಿಸಿದ್ದು ಮೂರು ಕಿಲೋಮೀಟರ್ ದೂರದ್ದಕ್ಕೆ. ಬೀದಿಯಲ್ಲಿ ಮುಕ್ಕಾಲು ಮನೆಯವರು ಹೀಗೇ ಮಾಡಿದ್ದೇವೆ. ನಡುವೆ ಶಾಲೆ ಇಟ್ಟು ಸುತ್ತ ಮನೆ ಬರೆದ ಪೆರ್ರಿ ಬೆಂಗಳೂರಿನ ಅಪ್ಪ ಅಮ್ಮಂದಿರನ್ನು ಕಂಡಿರಲಿಲ್ಲ.

ಮೇನ್ ರೋಡಿನ ಹತ್ತಿರ ಬಂದಾಗ ಮಗಳು ನಿಂತಿದ್ದು ಎರಡು ಕಾರುಗಳ ಸಂದಿಯಲ್ಲಿ. ಫುಟ್‌ಪಾತಿನ ಅಂಚಿಗೆ ಸಾಲಾಗಿ ಗಾಡಿ ನಿಲ್ಲಿಸಿರುತ್ತಾರೆ. "ಅಮ್ಮ, ನಂಗೆ ರೋಡ್ ಕಾಣಲ್ಲ" ಅಂದಳು. ನಾನು ಅವಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ನಿಜ. ನನಗೆ ಕಂಡದ್ದು ಒಂದು ಕಾರಿನ ಬಾನೆಟ್ಟು, ಅದರಾಚೆ ಇನ್ನೊಂದರ ಟೈರು. ಬರುವ ಗಾಡಿ ಅವಳಿಗೆ ಕಾಣಬೇಕಾದರೆ ಅವಳು ಎರಡು ಹೆಜ್ಜೆ ರಸ್ತೆಯ ಒಳಗೆ ಹೋಗಬೇಕು. ಓಡಿಸುವವನಿಗೆ ಅವಳು ಕಾಣುವುದೂ ಆಗಲೇ. ಮೊದಲೇ ಆ ವಯಸ್ಸಿಗೆ ಗಾಡಿ ಎಷ್ಟು ವೇಗದಲ್ಲಿ ಬರುತ್ತಿದೆ ಅನ್ನುವ ಅಂದಾಜು ಸರಿಯಾಗಿ ಬಂದಿರುವುದಿಲ್ಲ.

ಮಗನದು ಬೇಗ ಮುಗಿಯುತ್ತದೆ. ಅವನಿಗೆ ದೂರ ಲೆಕ್ಕಕ್ಕಿಲ್ಲ. ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸು, ಮೆಟ್ರೋ ಸ್ಟೇಷನ್ನು, ಸೌತ್ ಎಂಡ್ ಸರ್ಕಲ್, ಎಲ್ಲ ಅವನ ಕಾಲಳತೆಯಲ್ಲೇ. ಅವನಿಗೆ ಇಲ್ಲದ್ದು ಬೇರೆ: ದುಡ್ಡು ಕೊಡದೆ ಗೆಳೆಯರ ಜೊತೆ ಒಂದು ಗಂಟೆ ಕೂರುವ ಜಾಗ. ಪಾರ್ಕಿನಲ್ಲಿ ಹುಡುಗರ ಗುಂಪು ಕಂಡರೆ ಕಾವಲಿನವರು ಎಬ್ಬಿಸುತ್ತಾರೆ. ಮೈದಾನದಲ್ಲಿ ಕೋಚಿಂಗ್ ಕ್ಯಾಂಪು. ಉಳಿದದ್ದು ಕಾಂಡಿಮೆಂಟ್ಸ್ ಮುಂದಿನ ಮೆಟ್ಟಿಲು. "ಒಂದು ಬನ್ನಿಗೆ ಅರ್ಧ ಗಂಟೆ ಬಾಡಿಗೆ" ಅಂತ ಬರೆದಿದ್ದ. ಮೇನ್ ರೋಡನ್ನು ಅವನು ಓಡಿ ದಾಟುತ್ತಾನೆ. ಒಂದು ಸ್ಕೂಟರು ಅವನ ಬ್ಯಾಗು ಸವರಿಕೊಂಡು ಹೋದದ್ದು ನಾನು ಹಿಂದೆ ಇದ್ದಾಗಲೇ. ಅವನ ಹಾಳೆಯಲ್ಲಿ ಅದರ ಸುದ್ದಿ ಇಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಇದೆ.

ನನ್ನ ಹಾಳೆ ಗೆರೆಗಳ ಸಿಕ್ಕು. ನಾನು ಎಲ್ಲಿಗೂ ಹೋಗಿ ಸೀದಾ ಬರುವುದಿಲ್ಲ. ಮೆಡಿಕಲ್ ಶಾಪು, ಅಲ್ಲಿಂದ ತರಕಾರಿ, ಅಲ್ಲಿಂದ ಡ್ಯಾನ್ಸ್ ಕ್ಲಾಸು, ಅಲ್ಲಿಂದ ಮಗಳ ಜೊತೆ ಮನೆ. ಎರಡೂ ಕೈಯಲ್ಲಿ ಚೀಲ. ಮನೆ ನಡೆಸುವವರ ನಡಿಗೆ ಇಂಥದ್ದೇ. ಒಂದು ಜಾಗದಿಂದ ಇನ್ನೊಂದಕ್ಕೆ ದೂರ ಎಷ್ಟು ಅಂತ ಅಳೆಯುವ ನಕ್ಷೆಯಲ್ಲಿ ಇದು ಕಾಣುವುದೇ ಇಲ್ಲ.

ಗಾಜಿನ ಕಿಟಕಿಯ ಮೇಲೆ

ನಾಲ್ಕೂ ಹಾಳೆಯನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಬೆಳಕಿನಲ್ಲಿ ನಾಲ್ವರ ಗೆರೆಯೂ ಒಟ್ಟಿಗೆ ಕಂಡವು. ವಯಸ್ಸಿಗೊಂದು ತೊಂದರೆ, ಹಾಗಾದರೆ ಹತ್ತಾರು ಪರಿಹಾರ ಬೇಕು ಅಂತ ನಾನು ಅಂದುಕೊಂಡಿದ್ದೆ. ಹಾಗಿರಲಿಲ್ಲ. ಬೇಕಾದ ಜಾಗಗಳು ನಾಲ್ವರಿಗೂ ಬೇರೆ ಬೇರೆ. ನಿಂತ ಜಾಗಗಳು ಹೆಚ್ಚುಕಡಿಮೆ ಎರಡೇ. ಮೂಲೆ ಮನೆಯಿಂದ ಟ್ರಾನ್ಸ್‌ಫಾರ್ಮರ್‌ವರೆಗಿನ ನಲವತ್ತು ಮೀಟರ್, ಮತ್ತು ಮೇನ್ ರೋಡು ದಾಟುವ ಆ ಬಿಂದು.

ಮೊದಲನೆಯದನ್ನು ಹೊಲಿಗೆ ಟೇಪಿನಲ್ಲಿ ಅಳೆದೆ. ಮೂಲೆ ಮನೆಯ ಮುಂದೆ ಫುಟ್‌ಪಾತಿನಿಂದ ಇಳಿಯಬೇಕಾದ ಎತ್ತರ 29 ಸೆಂಟಿಮೀಟರ್. ಟ್ರಾನ್ಸ್‌ಫಾರ್ಮರ್ ಪಕ್ಕ ಉಳಿದ ಅಗಲ 70. ರಸ್ತೆಗಳ ಅಳತೆ, ಗುಣಮಟ್ಟ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆ 2012ರಲ್ಲಿ ತಂದ ಪಾದಚಾರಿ ಸೌಕರ್ಯದ ಮಾರ್ಗಸೂಚಿ ಏನು ಹೇಳುತ್ತದೆ ಗೊತ್ತಾ? ಅಂಚಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ನಡೆಯುವ ಜಾಗ ಕಡಿಮೆಯೆಂದರೂ 1.8 ಮೀಟರ್ ಅಗಲ, ತಲೆಯ ಮೇಲೆ 2.2 ಮೀಟರ್ ಖಾಲಿ. ಎರಡು ಗಾಲಿಕುರ್ಚಿ ಎದುರುಬದುರಾಗಿ ಬಂದರೆ ಹಾದುಹೋಗುವಷ್ಟು ಅಗಲ ಅದು.

ನಮ್ಮ ಫುಟ್‌ಪಾತ್ ಅಷ್ಟೆತ್ತರ ಯಾಕೆ ಅಂದರೆ ಅದು ಫುಟ್‌ಪಾತೇ ಅಲ್ಲ. ಮೋರಿಯ ಮುಚ್ಚಳ. ಮಳೆ ನೀರಿನ ಚರಂಡಿ ಕಟ್ಟಿ, ಮೇಲೆ ಚಪ್ಪಡಿ ಹಾಕಿ, ಅದರ ಮೇಲೆ ನಡೆಯಿರಿ ಅಂತ ನಮಗೆ ಬಿಟ್ಟಿದ್ದಾರೆ. ಹೂಳು ತೆಗೆಯಲು ಚಪ್ಪಡಿ ಎತ್ತುತ್ತಾರೆ, ವಾಪಸ್ ಇಡುವಾಗ ಒಂದು ಅಲ್ಲಾಡುತ್ತದೆ. ಪ್ರತಿ ಗೇಟಿನ ಮುಂದೆ ಕಾರು ಹತ್ತಲು ಇಳಿಜಾರು. ಹೀಗಾಗಿ ಐವತ್ತು ಮೀಟರ್ ನಡೆಯಲು ನಾಲ್ಕು ಸಲ ಹತ್ತಿ ನಾಲ್ಕು ಸಲ ಇಳಿಯಬೇಕು. ಅತ್ತೆಯಂಥವರು ಇದಕ್ಕಿಂತ ರಸ್ತೆಯೇ ವಾಸಿ ಅಂತ ಡಾಂಬರಿಗೆ ಇಳಿಯುತ್ತಾರೆ. ಆಮೇಲೆ ಗಾಡಿಯವರು, ಫುಟ್‌ಪಾತ್ ಇದ್ದರೂ ಈ ಜನ ರೋಡಲ್ಲೇ ನಡೀತಾರೆ ಅಂತ ಬೈಯುತ್ತಾರೆ.

ಎರಡನೆಯದಕ್ಕೆ ಟೇಪು ಸಾಲಲಿಲ್ಲ, ಗುಣಾಕಾರ ಬೇಕಾಯಿತು. ಗಾಡಿ ಓಡುವ ಅಗಲ 14 ಮೀಟರ್. ಸಿಗ್ನಲ್ ಇಲ್ಲ, ನಡುವೆ ಡಿವೈಡರ್ ಇಲ್ಲ. ಮಗನ ಓಟಕ್ಕೆ ನಾಲ್ಕೈದು ಸೆಕೆಂಡು. ಪುಸ್ತಕದ 1.2ರ ವೇಗಕ್ಕೆ ಹನ್ನೆರಡು ಸೆಕೆಂಡು. ಅತ್ತೆಯದು ಸೆಕೆಂಡಿಗೆ 0.8 ಮೀಟರ್, ಅಂದರೆ ಹದಿನೇಳೂವರೆ ಸೆಕೆಂಡು. ಗಂಟೆಗೆ 40 ಕಿಲೋಮೀಟರಿನಲ್ಲಿ ಬರುವ ಗಾಡಿ ಅಷ್ಟರಲ್ಲಿ ಸುಮಾರು 195 ಮೀಟರ್ ಓಡಿರುತ್ತದೆ. ಅತ್ತೆ ನೆಮ್ಮದಿಯಾಗಿ ದಾಟಬೇಕಾದರೆ ಎರಡೂ ಕಡೆಯೂ ಒಂದೇ ಹೊತ್ತಿಗೆ 195 ಮೀಟರ್ ಖಾಲಿ ಇರಬೇಕು. ಸಂಜೆ ಆರಕ್ಕೆ ಬೆಂಗಳೂರಿನ ಮೇನ್ ರೋಡಿನಲ್ಲಿ!

ಈಗ ರಸ್ತೆಯ ನಡುವೆ ನಿಲ್ಲಲು ಎರಡು ಮೀಟರ್ ಅಗಲದ ಒಂದು ಕಟ್ಟೆ ಇದೆ ಅಂದುಕೊಳ್ಳಿ. ಒಂದು ಸಲಕ್ಕೆ ದಾಟಬೇಕಾದದ್ದು ಆರು ಮೀಟರ್. ಏಳೂವರೆ ಸೆಕೆಂಡು. ಬೇಕಾದ ಖಾಲಿ ಜಾಗ 83 ಮೀಟರ್, ಅದೂ ಒಂದೇ ಕಡೆಯದು. ಕತ್ತು ಒಂದು ಕಡೆಗೆ ತಿರುಗಿಸಿದರೆ ಸಾಕು. ಅತ್ತೆಯ ಕತ್ತಿನ ಸವಕಳಿಗೂ ಅದು ದೊಡ್ಡ ಉಪಕಾರ. ಇನ್ನು ಮಗಳಿಗೆ: ದಾಟುವ ಕಡೆ ಫುಟ್‌ಪಾತನ್ನೇ ನಿಂತ ಕಾರುಗಳ ಅಂಚಿನವರೆಗೆ ಮುಂದಕ್ಕೆ ತಂದರೆ ಕಾರಿನ ಸಂದಿ ಇಲ್ಲವಾಗುತ್ತದೆ. ಅವಳಿಗೆ ರಸ್ತೆ ಕಾಣುತ್ತದೆ, ರಸ್ತೆಗೆ ಅವಳು ಕಾಣುತ್ತಾಳೆ.

ಸಿಂಗಪುರದಲ್ಲಿ 2009ರಿಂದ ಒಂದು ಏರ್ಪಾಡು ಇದೆ. ಹಿರಿಯರು ಸಿಗ್ನಲ್ ಕಂಬಕ್ಕೆ ತಮ್ಮ ರಿಯಾಯಿತಿ ಕಾರ್ಡು ತಾಗಿಸಿದರೆ ಹಸಿರು ದೀಪ ಕೆಲವು ಸೆಕೆಂಡು ಹೆಚ್ಚು ಉರಿಯುತ್ತದೆ. ಚೆನ್ನಾಗಿದೆ. ನಮಗೆ ಮೊದಲು ಸಿಗ್ನಲ್ಲು ಬೇಕಲ್ಲ. ನಡುಗಟ್ಟೆಗೆ ಕರೆಂಟೂ ಬೇಡ, ಕಾರ್ಡೂ ಬೇಡ.

ಹೂವಿನವರನ್ನು ಎಬ್ಬಿಸಬೇಕೇ?

ಬೀದಿಯವರ ಸಭೆ ಒಬ್ಬರ ಮನೆಯ ಸ್ಟಿಲ್ಟ್ ಪಾರ್ಕಿಂಗಿನಲ್ಲಿ ನಡೆಯಿತು. ನಾನು ಹಾಳೆ ತೋರಿಸಿ ಮುಗಿಸುವಷ್ಟರಲ್ಲಿ ಒಬ್ಬ ಹಿರಿಯರು, "ಮೊದಲು ಆ ಹೂವಿನವಳನ್ನ ಎಬ್ಬಿಸಿ, ಅರ್ಧ ಫುಟ್‌ಪಾತ್ ಅವಳದೇ" ಅಂದರು. ಹಲವರು ತಲೆದೂಗಿದರು.

ಮಾತು ಸುಳ್ಳಲ್ಲ. ಗಾಲಿಕುರ್ಚಿಯಲ್ಲಿ ಬರುವವರಿಗೆ ಅವರ ಬುಟ್ಟಿ ಅಡ್ಡವೇ. ಆದರೆ ಅತ್ತೆಯ ಒಂಬತ್ತರಲ್ಲಿ ಮೂರು ಜಾಗ ಇಂಥವೇ, ಮತ್ತು ಆ ಮೂರಕ್ಕೆ ಮಾತ್ರ ಅವರು ಯಾರ ಹಂಗೂ ಇಲ್ಲದೆ ಹೋಗುತ್ತಿದ್ದದ್ದು. ಸೊಪ್ಪಿನ ಗಾಡಿ ಗೇಟಿಗೇ ಬರುತ್ತದೆ. ಇಸ್ತ್ರಿ ಗಾಡಿ ನಾಲ್ಕು ಮನೆ ಆಚೆ. ಸೌಲಭ್ಯದ ಹತ್ತಿರ ಜನ ಹೋಗಬೇಕು ಅಂತ ಪುಸ್ತಕಗಳು ಹೇಳುತ್ತವೆ. ನಮ್ಮ ಊರುಗಳಲ್ಲಿ ಸೌಲಭ್ಯವೇ ತಲೆಯ ಮೇಲೆ ಬುಟ್ಟಿ ಹೊತ್ತು ಜನರ ಹತ್ತಿರ ಬರುತ್ತದೆ. ಅದನ್ನು ನಕ್ಷೆಯಲ್ಲಿ ಗುರುತು ಹಾಕುವವರು ಯಾರೂ ಇಲ್ಲ. ಬೀದಿ ವ್ಯಾಪಾರಿಗಳಿಗೆಂದು 2014ರ ಕಾನೂನು ಇದೆ, ಜಾಗ ಗೊತ್ತುಮಾಡಲು ಪಟ್ಟಣ ವ್ಯಾಪಾರ ಸಮಿತಿ ಅಂತ ಇರಬೇಕು. ಆದರೂ ಸಭೆಯಲ್ಲಿ ಮೊದಲು ಬರುವ ಮಾತು ಎಬ್ಬಿಸಿ ಅನ್ನುವುದೇ.

ಅತ್ತೆ ಸಭೆಗೆ ಬಂದಿದ್ದರು. ಕುರ್ಚಿಯಿಂದಲೇ, "ಮೊನ್ನೆ ತಲೆ ಸುತ್ತು ಬಂದಾಗ ನಂಗೆ ಸ್ಟೂಲ್ ಕೊಟ್ಟಿದ್ದು ಅವಳೇ. ನೀವ್ಯಾರೂ ಅಲ್ಲ" ಅಂದರು. ಸಭೆ ಒಂದು ನಿಮಿಷ ತಣ್ಣಗಾಯಿತು. ನನಗೂ ಆ ತಲೆಸುತ್ತಿನ ಸುದ್ದಿ ಅಲ್ಲೇ ಗೊತ್ತಾದದ್ದು.

ಆಮೇಲೆ ನಾನು ಒಂದು ಲೆಕ್ಕ ಮುಂದಿಟ್ಟೆ. ರಸ್ತೆ ಅಂಚಿನಲ್ಲಿ ಒಂದು ಕಾರು ನಿಲ್ಲಲು ಸುಮಾರು 12 ಚದರ ಮೀಟರ್ ಬೇಕು. ಹೂವಿನವರ ಬುಟ್ಟಿ, ಮಣೆ, ಕೊಡೆ ಎಲ್ಲ ಸೇರಿ ಎರಡು. ಒಂದು ಕಾರಿನ ಜಾಗ ಬಿಟ್ಟರೆ ಹೂವು, ಸೊಪ್ಪು ಎರಡೂ ಅಲ್ಲಿಗೆ ಇಳಿಯುತ್ತವೆ, ಕೂರಲು ಒಂದು ಬೆಂಚೂ ಹಿಡಿಸುತ್ತದೆ. ಫುಟ್‌ಪಾತ್ ಖಾಲಿ. ಒಪ್ಪಿದವರು ಕಡಿಮೆ. ಯಾರ ಕಾರಿನ ಜಾಗ ಅನ್ನುವುದಕ್ಕೆ ಬಂದಾಗ ಇನ್ನೂ ಕಡಿಮೆಯಾದರು. ಕೊನೆಗೆ ಹೂವಿನವರೇ ಬುಟ್ಟಿಯನ್ನು ಟ್ರಾನ್ಸ್‌ಫಾರ್ಮರ್‌ನಿಂದ ಆಚೆ, ಮರದ ಬುಡಕ್ಕೆ ಸರಿಸಿಕೊಂಡರು. ಅವರಿಗೆ ನೆರಳು ಸಿಕ್ಕಿತು, ನಮಗೆ ಒಂದಡಿ ಅಗಲ. ಕಾರು ಎಲ್ಲಿತ್ತೋ ಅಲ್ಲೇ ಇದೆ.

ನಿಮಿಷದ ನಕ್ಷೆ

ಸ್ಪೇನಿನ ವಾಯವ್ಯ ಮೂಲೆಯಲ್ಲಿ ಪೊಂತೆವೆದ್ರಾ ಅಂತ ಒಂದು ಸಣ್ಣ ನಗರ. ಎಂಬತ್ತು ಸಾವಿರ ಚಿಲ್ಲರೆ ಜನ. ಡಾಕ್ಟರಾಗಿದ್ದ ಫೆರ್ನಾಂದೆಸ್ ಲೋರೆಸ್ 1999ರಲ್ಲಿ ಮೇಯರ್ ಆಗಿ, ಹಳೆಯ ಊರಿನ ಬೀದಿಗಳಿಂದ ಕಾರುಗಳನ್ನು ಹೊರಗೆ ಕಳಿಸಿದರು. ನನಗೆ ಅಲ್ಲಿಂದ ಬೇಕಾದದ್ದು ಎರಡು ಸಣ್ಣ ಸಂಗತಿ. ಒಂದು, 2011ರಲ್ಲಿ ಅವರು ಮಾಡಿದ ಮೆಟ್ರೊಮಿನುತೊ ನಕ್ಷೆ. ನೋಡಲು ಮೆಟ್ರೋ ರೈಲಿನ ನಕ್ಷೆ ಥರ. ಗೆರೆಗಳು ರೈಲಲ್ಲ, ಕಾಲ್ನಡಿಗೆ. ಒಂದು ಜಾಗದಿಂದ ಇನ್ನೊಂದಕ್ಕೆ ಎಷ್ಟು ನಿಮಿಷ ಅಂತ ಬರೆದಿರುತ್ತದೆ. ಎರಡು, ಮಕ್ಕಳು ಒಬ್ಬೊಬ್ಬರೇ ಶಾಲೆಗೆ ನಡೆಯುವ ದಾರಿಗಳಲ್ಲಿ ಅಂಗಡಿಯವರೂ ಕೈಜೋಡಿಸುತ್ತಾರೆ. ಮಗುವಿಗೆ ಏನಾದರೂ ಬೇಕಾದರೆ ಆ ಅಂಗಡಿಗೆ ಹೋಗಬಹುದು.

ಮೆಟ್ರೊಮಿನುತೊ ಥರದ್ದೇ ಒಂದು ನಾವು ಬರೆದೆವು, ಒಂದು ಬದಲಾವಣೆಯೊಂದಿಗೆ. ಪ್ರತಿ ಗೆರೆಯ ಮೇಲೆ ಎರಡು ಸಂಖ್ಯೆ. ಕಪ್ಪಿನಲ್ಲಿ ಮಗನ ನಿಮಿಷ, ಕೆಂಪಿನಲ್ಲಿ ಅತ್ತೆಯ ನಿಮಿಷ. ಪಾರ್ಕು: ನಾಲ್ಕು, ಹನ್ನೊಂದು. ಮೆಡಿಕಲ್ ಶಾಪು: ಮೂರು, ಏಳು. ಬ್ಯಾಂಕು: ಒಂಬತ್ತು, ಮತ್ತು ಕೆಂಪಿನಲ್ಲಿ ಒಂದು ಆಟೋದ ಚಿತ್ರ. ಹದಿನೈದು ನಿಮಿಷದ ನಗರ ಅಂತ ಈಗ ಎಲ್ಲ ಕಡೆ ಮಾತು ಕೇಳುತ್ತೇವೆ, ಅಂದರೆ ದಿನಕ್ಕೆ ಬೇಕಾದದ್ದೆಲ್ಲ ಮನೆಯಿಂದ ನಡೆದೋ ಸೈಕಲ್ಲಿನಲ್ಲೋ ಹದಿನೈದು ನಿಮಿಷದೊಳಗೆ ಸಿಗಬೇಕು ಅನ್ನುವ ಯೋಚನೆ. ಹದಿನೈದು ನಿಮಿಷ 1.2ರ ವೇಗಕ್ಕೆ ಒಂದು ಕಿಲೋಮೀಟರ್ ಮೀರುತ್ತದೆ. ಅತ್ತೆಗೆ ನಿಲ್ಲದೆ ನಡೆದರೂ 720 ಮೀಟರ್, ನಿಂತು ನಡೆದರೆ ಐನೂರಕ್ಕೂ ಕಮ್ಮಿ. ನಕ್ಷೆಯಲ್ಲಿ ಎರಡೂ ವೃತ್ತ ಎಳೆದಾಗ ಮಗನ ವೃತ್ತದಲ್ಲಿದ್ದ ಬ್ಯಾಂಕು, ಲ್ಯಾಬು, ಗೆಳತಿಯ ಮನೆ ಅತ್ತೆಯದರಿಂದ ಹೊರಗೆ ಬಿದ್ದವು.

ಏನಾಯಿತು, ಏನಾಗಲಿಲ್ಲ

ಮೊದಲು ಶೌಚಾಲಯ. ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟೆವು. ಶುಚಿ ಮಾಡುವವರ ಗುತ್ತಿಗೆ ಮುಗಿದಿದೆ ಅಂತ ಉತ್ತರ ಬಂತು. ಪಾರ್ಕಿನ ವಾಕಿಂಗ್ ಗುಂಪಿನವರು ತಿಂಗಳಿಗಿಷ್ಟು ಅಂತ ಕೂಡಿಸಿ ಒಬ್ಬರನ್ನು ಗೊತ್ತುಮಾಡಿದರು. ಬೀಗದ ಕೈ ಈಗ ನಂದಿನಿ ಬೂತಿನಲ್ಲಿ ಮೊಳೆಗೆ ನೇತಾಡುತ್ತದೆ. ಇದು ಸರಿಯಾದ ದಾರಿ ಅಂತ ನಾನು ಹೇಳಲಾರೆ. ತೆರಿಗೆ ಕಟ್ಟುವವರು ಚಂದಾ ಎತ್ತಿ ಶೌಚಾಲಯ ತೆರೆಸಬೇಕಾಗಿ ಬಂದದ್ದು ನಾಚಿಕೆಯ ವಿಷಯ. ಆದರೆ ಮುಂದಿನ ವಾರವೇ ಅತ್ತೆ ಚಪ್ಪಲಿ ಹಾಕಿದರು.

29 ಸೆಂಟಿಮೀಟರಿನ ಇಳಿತಕ್ಕೆ ಮೂಲೆ ಮನೆಯವರು ತಮ್ಮ ಮನೆ ಕೆಲಸದಲ್ಲಿ ಉಳಿದ ಕಲ್ಲಿನಿಂದ ಅರ್ಧ ಮೆಟ್ಟಿಲು ಹಾಕಿಸಿದರು. ಚಪ್ಪಡಿ ಇನ್ನೂ ಕುಸಿದೇ ಇದೆ. ಬೆಂಚಿನದು ಬೇರೆ ಕಥೆ. ನಮ್ಮ ಪಾರ್ಕುಗಳಲ್ಲಿ "ಇಂಥವರ ಜ್ಞಾಪಕಾರ್ಥ" ಅಂತ ಬರೆದ ಸಿಮೆಂಟ್ ಬೆಂಚುಗಳನ್ನು ನೋಡಿರುತ್ತೀರಿ. ಪಾರ್ಕಿಗೆ, ದೇವಸ್ಥಾನಕ್ಕೆ ಕೊಡುತ್ತಾರೆ. ನಡುದಾರಿಗೆ ಯಾರೂ ಕೊಡುವುದಿಲ್ಲ. ಹಳೆಯ ಮನೆಗಳಿಗೆ ಜಗಲಿ ಇತ್ತು, ಊರಿಗೆ ಅರಳಿಕಟ್ಟೆ ಇತ್ತು, ದಾರಿಹೋಕರು ಕೇಳದೆ ಕೂರುತ್ತಿದ್ದರು. ಬೀದಿಯ ಒಂದು ಕುಟುಂಬ ತಮ್ಮ ತಂದೆಯ ಹೆಸರಿನ ಬೆಂಚನ್ನು ಮೆಡಿಕಲ್ ಶಾಪಿನ ಮುಂದೆ, ಅಂಗಡಿಯವರದೇ ಜಾಗದಲ್ಲಿ ಇಡಲು ಒಪ್ಪಿತು. ಅಂಗಡಿಯವರು ಮೊದಲು ಗೊಣಗಿದರು. ಈಗ ಕೂತವರು ಮಾತ್ರೆಯನ್ನೂ ಅಲ್ಲೇ ಕೊಳ್ಳುತ್ತಾರೆ.

ಮಗಳಿಗೆ ಮೇನ್ ರೋಡು ದಾಟದೆ ಸ್ಟೇಷನರಿ ಅಂಗಡಿಗೆ ಹೋಗುವ ಸುತ್ತುದಾರಿ ಸಿಕ್ಕಿತು. ಎರಡು ಕ್ರಾಸು ಮಾತ್ರ. ಇಸ್ತ್ರಿಯವರಿಗೆ, ಹೂವಿನವರಿಗೆ, ಮೆಡಿಕಲ್ ಶಾಪಿನವರಿಗೆ ಹೇಳಿಟ್ಟೆವು. ಮೊದಲ ದಿನ ಅವಳು ರಬ್ಬರು ತಂದಳು. ಮೂರು ಜನ ನನಗೆ ಫೋನು ಮಾಡಿ, ಹೋದಳು, ಬಂದಳು ಅಂತ ವರದಿ ಕೊಟ್ಟರು. ಅವಳ ಹಾಳೆಯ ಸೊನ್ನೆ ಒಂದಾಯಿತು.

ಮಗನಿಗೆ ಏನೂ ಆಗಲಿಲ್ಲ. ಬನ್ನಿನ ಬಾಡಿಗೆ ನಡೆಯುತ್ತಿದೆ.

ನಡುಗಟ್ಟೆಯೂ ಆಗಲಿಲ್ಲ. ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿದೆ. ಡಿವೈಡರ್ ಹಾಕಿದರೆ ಬಸ್ಸು ತಿರುಗುವುದು ಕಷ್ಟ ಅಂತ ಒಬ್ಬರು, ಇದು ಟ್ರಾಫಿಕ್‌ನವರದು ಅಂತ ಇನ್ನೊಬ್ಬರು. ಅತ್ತೆ ಈಗಲೂ ಅಲ್ಲಿ ಯಾರಾದರೂ ದಾಟುವವರು ಬರಲಿ ಅಂತ ಕಾಯುತ್ತಾರೆ. ಬಂದವರ ಮಗ್ಗುಲಲ್ಲಿ, ಅವರ ನೆರಳಿನ ಹಾಗೆ ದಾಟುತ್ತಾರೆ.

ನನ್ನ ಕೆಲಸದಲ್ಲೇ ಒಂದು ದೊಡ್ಡ ತಪ್ಪು ಉಳಿದಿತ್ತು. ಅದನ್ನು ತೋರಿಸಿದವರು ನಮ್ಮ ಮನೆ ಕೆಲಸಕ್ಕೆ ಬರುವವರು. ಐವತ್ತರ ಆಸುಪಾಸಿನ ಹೆಂಗಸು. ಗೋಡೆಯ ಮೇಲಿನ ನಕ್ಷೆ ಒರೆಸುತ್ತಾ, "ಅಕ್ಕ, ಇದರಲ್ಲಿ ಬಸ್ ಸ್ಟಾಪೇ ಇಲ್ವಲ್ಲ" ಅಂದರು. ಇರಲಿಲ್ಲ. ನಾಲ್ವರಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ. ಈ ಬೀದಿಯಲ್ಲಿ ಎಲ್ಲರಿಗಿಂತ ಜಾಸ್ತಿ ನಡೆಯುವವರು ಅವರು, ಮತ್ತು ಅವರಿಗೆ ನಾನು ಹಾಳೆಯನ್ನೇ ಕೊಟ್ಟಿರಲಿಲ್ಲ.

ಮಾರನೆಯ ದಿನ ಕೊಟ್ಟೆ. ಪೆನ್ಸಿಲ್ ಬೇಡ, ನಾನು ಹೇಳುತ್ತೇನೆ ನೀವೇ ಬರೆಯಿರಿ ಅಂದರು. ಹಿಂದೆಲ್ಲ ಬಸ್ ಚಾರ್ಜು ಉಳಿಸಲು ಮನೆಯಿಂದ ನಡೆದೇ ಬರುತ್ತಿದ್ದರಂತೆ. 2023ರಲ್ಲಿ ಶಕ್ತಿ ಯೋಜನೆ ಬಂದಮೇಲೆ ಬಸ್ಸು ಹತ್ತುತ್ತಾರೆ. ಇಳಿದು ಮೂರು ಮನೆ, ಮೂರೂ ಬೇರೆ ಬೇರೆ ಕ್ರಾಸಿನಲ್ಲಿ. ಬೇಕಾದ ಜಾಗ: ನೆರಳಿರುವ ಬಸ್ ಸ್ಟಾಪು, ಎರಡನೇ ಮನೆಗೂ ಮೂರನೇ ಮನೆಗೂ ನಡುವೆ ತಿಂಡಿ ತಿನ್ನಲು ಕೂರುವ ಜಾಗ, ಮತ್ತೆ ಅದೇ, ಬಚ್ಚಲು. ಬೆಂಚಿನ ಮೇಲೆ ಕೂರಬಹುದಲ್ಲ ಅಂದೆ. "ಅದು ನಮಗಲ್ಲ ಅನ್ಕೊಂಡೆ" ಅಂದರು.

ಅವರ ಹಾಳೆಯನ್ನೂ ಕಿಟಕಿಗೆ ಹಿಡಿದೆ. ಐದನೆಯ ಗೆರೆಯೂ ಮೇನ್ ರೋಡಿನ ಅದೇ ಬಿಂದುವಿಗೆ ಬಂದು ಸೇರಿತು. ದಿನಕ್ಕೆ ನಾಲ್ಕು ಸಲ. ಹೋದ ಸೋಮವಾರ ಐದೂ ಹಾಳೆಯ ಜೆರಾಕ್ಸ್ ತೆಗೆಸಿ, 195 ಮತ್ತು 83ರ ಲೆಕ್ಕವನ್ನು ಒಂದೇ ಪುಟದಲ್ಲಿ ಬರೆದು, ಮತ್ತೆ ಅರ್ಜಿ ಕೊಟ್ಟಿದ್ದೇವೆ. ಈ ಸಲ ಸಹಿ ಹಾಕಿದವರಲ್ಲಿ ಹೂವಿನವರೂ ಇದ್ದಾರೆ. ಕಚೇರಿಯವರು ಸ್ವೀಕೃತಿಯ ಸೀಲು ಹಾಕಿ, ಹದಿನೈದು ದಿನ ಬಿಟ್ಟು ಬನ್ನಿ ಅಂದಿದ್ದಾರೆ.